ಒಂದು ಗೇಣು, ನಾಲ್ಕು ಬೆರಳು

ಅಪ್ಪಯ್ಯನ ಹತ್ತಿರ ಒಂದು ಪಂಚೆ ಇತ್ತು. ಅದರ ವಯಸ್ಸೆಷ್ಟು ಎಂದು ಅವನಿಗೂ ಗೊತ್ತಿರಲಿಲ್ಲ. ಅಂಚಿನ ಹಸಿರು ಗೆರೆ ಬಿಳಿಚಿಕೊಂಡು ಎಷ್ಟೋ ಮಳೆಗಾಲ ಕಳೆದಿತ್ತು. ಒಗೆದು ಜಗಲಿಯ ಗಳದ ಮೇಲೆ ಹರವಿದರೆ ಅದರೊಳಗಿಂದಲೇ ಆಚೆಯ ಹಿನ್ನೀರು ಕಾಣುತ್ತಿತ್ತು. ಬೇರೆ ಪಂಚೆ ಇಲ್ಲವೆಂದಲ್ಲ. ಮದುವೆ, ಮುಂಜಿ, ಗೃಹಪ್ರವೇಶಗಳಲ್ಲಿ ಬಂದ ಆರೇಳು ಪಂಚೆಗಳು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿದ್ದವು. "ಹೊಸದು ಉಟ್ಟರೆ ಗರಗರ ಅಂತದೆ ಮಾರಾಯ, ನಾನು ಎಲ್ಲಿಗೆ ಹೊರಟೆ ಅಂತ ಊರಿಗೆಲ್ಲ ಗೊತ್ತಾಗ್ತದೆ" ಎನ್ನುತ್ತಿದ್ದ.

2025ರ ಮಳೆಗಾಲದಲ್ಲಿ ಅಮ್ಮನ ಕಣ್ಣು ಆ ಪಂಚೆಯ ಮೇಲೆ ಬಿತ್ತು. ನನ್ನ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಆಗಸ್ಟಿನಲ್ಲಿ ದಿನ ಹೇಳಿದ್ದರು. ಫೋನಿನಲ್ಲೇ ಕೂಸಿನ ಅಂಗಿ, ಕಾಲುಚೀಲ, ಕೈಚೀಲ ಎಲ್ಲ ತರಿಸುತ್ತೇನೆಂದು ಅವಳು ಹೊರಟಾಗ ಅಮ್ಮ ಬಿಡಲಿಲ್ಲ. ಕೂಸು ಹುಟ್ಟುವುದಕ್ಕೆ ಮೊದಲು ಹೊಸ ಬಟ್ಟೆ ಮನೆಗೆ ಬರಕೂಡದು, ಹುಟ್ಟಿದ ಮೇಲೂ ಮೊದಲ ದಿನಗಳಲ್ಲಿ ಮೈಗೆ ಹಾಕುವುದು ಹಳೆಯ ನೂಲಿನದ್ದೇ, ತೊಳೆದು ತೊಳೆದು ಮೆತ್ತಗಾದದ್ದು. ಹಾಗೆಂದು ಜಬ್ಲ ಹೊಲಿಯುವುದನ್ನು ಮುಂದಕ್ಕೆ ಹಾಕಲೂ ಆಗುವುದಿಲ್ಲ, ಆಮೇಲೆ ಯಾರಿಗೆ ಪುರಸೊತ್ತು?

"ಕೂಸು ಹುಟ್ಟೋ ಮೊದಲೇ ಕುಲಾವಿ ಅಂತ ಗಾದೆನೇ ಇದೆಯಲ್ಲ ಅಮ್ಮ" ಎಂದೆ.

"ಅದು ಕುಲಾವಿಗೆ. ಜಬ್ಲಕ್ಕಲ್ಲ" ಎಂದಳು. ಎಂಬತ್ತರ ಹತ್ತಿರ ಬಂದವರ ಜೊತೆ ಗಾದೆಯಲ್ಲಿ ಗೆಲ್ಲಲು ಹೋಗಬಾರದು.

ಹೊಲಿಯುವ ಕೆಲಸ ನನ್ನ ಪಾಲಿಗೆ ಹೇಗೆ ಬಂತು ಎಂದು ಹೇಳಬೇಕು. ನಮ್ಮೂರು ಹೊನ್ನೆಮರಡು ಎಂದರೆ ಈಗ ಬೆಂಗಳೂರಿನವರಿಗೂ ಗೊತ್ತು. ಚಳಿಗಾಲ, ಬೇಸಿಗೆಯ ಶನಿವಾರ ಭಾನುವಾರಗಳಲ್ಲಿ ಹುಡುಗ ಹುಡುಗಿಯರು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಹರಿಗೋಲಿನಲ್ಲಿ ಗರಗರ ತಿರುಗುತ್ತ ಕೂಗುವುದು ನಮ್ಮ ಮನೆಗೆ ಕೇಳುತ್ತದೆ. ಮಳೆಗಾಲದ ಹೊನ್ನೆಮರಡು ಬೇರೆ. ಆಗ ನೀರು ಮೇಲೆ ಬರುತ್ತ, ಮಂಜು ಕೆಳಗೆ ಇಳಿಯುತ್ತ ಎರಡೂ ನಮ್ಮ ಅಂಗಳದ ಹತ್ತಿರ ಎಲ್ಲೋ ಸೇರುತ್ತವೆ. ಕರೆಂಟು ಹೋದರೆ ಯಾವಾಗ ಬರುತ್ತದೆಂದು ಕೇಳುವ ಅಭ್ಯಾಸವನ್ನು ನಾವು ಬಿಟ್ಟಿದ್ದೇವೆ. ಅಡಿಕೆಗೆ ಔಷಧಿ ಹೊಡೆಯುವಷ್ಟು ಬಿಡುವನ್ನೂ ಮಳೆ ಕೊಡುತ್ತಿರಲಿಲ್ಲ. ಹೆಂಡತಿಗೆ ಕೊಟ್ಟಿಗೆ, ಅಡುಗೆ, ಬಸುರಿ ಮಗಳು. ಅಮ್ಮನಿಗೆ ಪೊರೆ ತೆಗೆಸಿದ ಮೇಲೆ ಆಳು ಕಾಣುತ್ತದೆ, ದಾರ ಕಾಣುವುದಿಲ್ಲ. ಮನೆಯಲ್ಲಿ ಕೈ ಕಟ್ಟಿ ಕೂತವನು ಐವತ್ತನಾಲ್ಕು ವರ್ಷದ ನಾನೊಬ್ಬನೇ.

ನನಗೂ ಹೊಲಿಗೆ ಬರುತ್ತಿರಲಿಲ್ಲ ಎಂದೇನಲ್ಲ. ದಬ್ಬಣ, ಸೆಣಬಿನ ಹುರಿ ಕೊಟ್ಟರೆ ಅಡಿಕೆ ಮೂಟೆಯ ಬಾಯಿಯನ್ನು ಎರಡು ನಿಮಿಷದಲ್ಲಿ ಹೊಲಿಯಬಲ್ಲೆ. ಅದನ್ನೇ ಅರ್ಹತೆಯೆಂದು ಹೇಳಿಕೊಂಡೆ. "ಕೂಸಿನ ಮೈ ಅಡಿಕೆ ಚೀಲ ಅಲ್ಲ ತಮಾ" ಎಂದಳು ಅಮ್ಮ. ಆದರೂ ಬೇರೆ ದಾರಿ ಇರಲಿಲ್ಲ. ಕಣ್ಣು ನನ್ನದು, ಕೈ ನನ್ನದು, ಬಾಯಿ ಅವಳದು ಎಂದು ತೀರ್ಮಾನವಾಯಿತು.

ಮಿಷನ್ ಅಮ್ಮನದು. ಲಿಂಗನಮಕ್ಕಿ ಅಣೆಕಟ್ಟು ಮುಗಿದ 1964ರ ಹೊತ್ತಿಗೆ ಅವಳ ತವರುಮನೆ, ತೋಟ, ಗದ್ದೆ ಎಲ್ಲ ನೀರಿಗೆ ಹೋದವು. ನಮ್ಮ ಕಡೆ ಅದಕ್ಕೆ ಒಂದೇ ಮಾತು, ಮುಳುಗಡೆ. "ಮುಳುಗಡೆಗೆ ಮುಂಚೆ", "ಮುಳುಗಡೆಯಾದ ವರ್ಷ" ಎಂದೇ ಹಿರಿಯರು ಕಾಲ ಎಣಿಸುವುದು. ಸಾಗರದ ನಾ. ಡಿಸೋಜ ತಮ್ಮ ಕಾದಂಬರಿಗೆ ಅದನ್ನೇ ಹೆಸರಾಗಿಟ್ಟರು. ಇಲ್ಲಿ ಊರು ಮಾತ್ರವಲ್ಲ, ಅಣೆಕಟ್ಟೇ ಮುಳುಗಿದೆ. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಿನಡಿ ಸೇರಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಅದು ತಲೆ ಎತ್ತಿದಾಗ ಜನ ಹೋಗಿ ನೋಡಿ ಬರುತ್ತಾರೆ. ಅಮ್ಮ ಹೋಗುವುದಿಲ್ಲ.

ಪರಿಹಾರದ ದುಡ್ಡು ಕೈಗೆ ಬಂದಾಗ ಅಮ್ಮನ ಅಪ್ಪ ಒಂದು ಜೊತೆ ಎತ್ತು ತರುತ್ತೇನೆಂದು ಸಾಗರಕ್ಕೆ ಹೋದನಂತೆ. ಸಂಜೆ ಗಾಡಿಯಲ್ಲಿ ಬಂದದ್ದು ಕಾಲಲ್ಲಿ ತುಳಿಯುವ ಉಷಾ ಮಿಷನ್. ಯಾಕೆ ತಂದ ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ, ಅಜ್ಜಿ ಎಂಟು ದಿನ ಮಾತು ಬಿಟ್ಟರೂ ಹೇಳಲಿಲ್ಲ. ಊರು ಬಿಟ್ಟ ಮೇಲೆ ಎತ್ತು ಕಟ್ಟಲು ಕೊಟ್ಟಿಗೆಯೇ ಇರಲಿಲ್ಲವಲ್ಲ ಎಂದು ನಾನು ಒಮ್ಮೆ ತರ್ಕ ಹೂಡಿದ್ದೆ. "ಅಷ್ಟೆಲ್ಲ ಯೋಚನೆ ಮಾಡೋ ಜನ ಅಲ್ಲ ಅವ. ಅಂಗಡಿ ಎದುರು ಮಳೆಗೆ ನಿಂತಿರ್ಬೇಕು, ಒಳಗೆ ಕರೆದಿರ್ತಾರೆ" ಎಂದಳು ಅಮ್ಮ. ಅದೇ ಮಿಷನ್ ಮದುವೆಯಲ್ಲಿ ಅವಳ ಜೊತೆ ಹೊನ್ನೆಮರಡಿಗೆ ಬಂತು.

ಅಪ್ಪಯ್ಯನಿಗೆ ಯಂತ್ರಗಳೆಂದರೆ ಸಿಟ್ಟು, ಈ ಒಂದರ ಮೇಲೆ ಮಾತ್ರ ಗೌರವ. ಅದಕ್ಕೆ ಆಧಾರವೂ ಇದೆ. 1924ರಲ್ಲಿ ರಾಮಚಂದ್ರನ್ ಎಂಬ ತರುಣ ಗಾಂಧೀಜಿಯನ್ನು ನೀವು ಎಲ್ಲ ಯಂತ್ರಗಳಿಗೂ ವಿರೋಧವೇ ಎಂದು ಕೇಳಿದಾಗ ಅವರು ಸಿಂಗರ್ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ದಣಿಯುವುದನ್ನು ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನು ಮಾಡಿದ ಎಂಬುದು ಅವರ ವಾದ. ಅಪ್ಪಯ್ಯ ಇದನ್ನು ಕನಿಷ್ಠ ನೂರು ಸಲ ಹೇಳಿರಬೇಕು. ನಿಜ ನೋಡಿದರೆ ಸಿಂಗರಿಗೂ ಮೊದಲೇ, 1846ರಲ್ಲಿ, ಎಲಿಯಾಸ್ ಹೋವ್ ಪೇಟೆಂಟ್ ಪಡೆದಿದ್ದ. 1851ರಲ್ಲಿ ಬಂದ ಸಿಂಗರ್ ವ್ಯಾಪಾರಸ್ಥ. ಅವನಿಗೆ ಒಂದಕ್ಕಿಂತ ಹೆಚ್ಚು ಸಂಸಾರ, ಇಪ್ಪತ್ತಕ್ಕೂ ಮೇಲೆ ಮಕ್ಕಳು. ಪ್ರೀತಿ ಯಾವ ಹೆಂಡತಿಯ ಮೇಲೆ ಎಂದು ಗಾಂಧೀಜಿಗೆ ಯಾರೂ ಮರುಪ್ರಶ್ನೆ ಹಾಕಿದಂತಿಲ್ಲ. ಅಷ್ಟು ಮಕ್ಕಳ ಜಬ್ಲ ಹೊಲಿಯಬೇಕಾದರೆ ಮಿಷನ್ ಬೇಕೇ ಬೇಕು ಎಂದು ನನಗೆ ಅನ್ನಿಸಿದ್ದುಂಟು. ಅಪ್ಪಯ್ಯನ ಎದುರು ಅಂದಿಲ್ಲ.

ಹತ್ತು ವರ್ಷದಿಂದ ಮಿಷನ್ನಿನ ಮೇಲೆ ಟಿ.ವಿ. ಕೂತಿತ್ತು. ಟಿ.ವಿ. ಇಳಿಸಿದೆ, ಧೂಳು ಒರೆಸಿದೆ, ತುಳಿದೆ. ಅಲುಗಲಿಲ್ಲ. ಎಣ್ಣೆ ಬಿಡು ಎಂದಳು ಅಮ್ಮ ಒಳಕೋಣೆಯಿಂದ. ಯಾವ ಎಣ್ಣೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ತೂತು ಕಂಡಲ್ಲೆಲ್ಲ ಕೊಬ್ಬರಿ ಎಣ್ಣೆ ಹೊಯ್ದೆ. ಆ ಹೊತ್ತಿಗೆ ಚಕ್ರ ಹೂವಿನಂತೆ ತಿರುಗಿತು. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ರಾತ್ರಿಯ ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಬೆಳಿಗ್ಗೆ ಎದ್ದಾಗ ಮಿಷನ್ ಮೊದಲಿಗಿಂತ ಗಟ್ಟಿಯಾಗಿ ಹಲ್ಲು ಕಚ್ಚಿಕೊಂಡಿತ್ತು. ಅಮ್ಮ ಬಂದು ಮೂಸಿ ನೋಡಿದಳು. "ತಲೆಗೆ ಹಾಕ್ಕಳೋ ಎಣ್ಣೆ ಅದಕ್ಕೆ ಹಾಕಿದ್ಯಾ? ಬೈತಲೆನೂ ತೆಗಿ" ಎಂದು ಹೋಗಿ ಅತ್ತಿಗೆಗೆ ಫೋನು ಮಾಡಿಸಿದಳು.

ಅತ್ತಿಗೆ ಇರುವುದು ಹೆಗ್ಗೋಡಿನ ಹತ್ತಿರ. ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಊರ ಹೆಂಗಸರನ್ನು ಸೇರಿಸಿ ಕಟ್ಟಿದ 'ಚರಕ' ಸಹಕಾರ ಸಂಘದಲ್ಲಿ ಕೆಲವು ವರ್ಷ ಹೊಲಿಗೆಗೆ ಕೂತವಳು. ಅಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುವುದು ಸೊಪ್ಪು, ತೊಗಟೆ, ಸಿಪ್ಪೆಗಳಿಂದ. ಅವುಗಳಲ್ಲಿ ಅಡಿಕೆಯ ಚೊಗರೂ ಒಂದು. ಇದನ್ನು ಮೊದಲು ಕೇಳಿದಾಗ ನಾವು ನಂಬಿರಲಿಲ್ಲ. ಅಡಿಕೆ ಬೇಯಿಸಿದ ಚೊಗರು ಅಂಗಿಗೆ ಹತ್ತಿದರೆ ನಮ್ಮ ಮನೆಯಲ್ಲಿ ಅದಕ್ಕೆ ಕರೆ ಎಂದು ಹೆಸರು, ಹತ್ತಿಸಿಕೊಂಡವನಿಗೆ ಬೈಗಳು. ಅಷ್ಟು ದೂರ ಹೋದರೆ ಅದಕ್ಕೇ ಬಣ್ಣ ಎನ್ನುತ್ತಾರೆ, ದುಡ್ಡು ಕೊಟ್ಟು ಕೊಳ್ಳುತ್ತಾರೆ! ಅತ್ತಿಗೆ ಬರುವಾಗ ಅಂಥ ಕೆಂಗಂದು ಬಣ್ಣದ ಒಂದು ತುಂಡು ಬಟ್ಟೆ, ಮಿಷನ್ ಎಣ್ಣೆಯ ಪುಟ್ಟ ಬಾಟಲಿ, ಹನ್ನೊಂದನೇ ನಂಬರಿನ ಸೂಜಿ ತಂದಳು. ಮಿಷನ್ನಿನಲ್ಲಿದ್ದದ್ದು ಹದಿನಾರನೇ ನಂಬರು, ದಪ್ಪ ಬಟ್ಟೆಯದು. ಸೀಮೆ ಎಣ್ಣೆ ಹಾಕಿ ನನ್ನ ಕೊಬ್ಬರಿ ಎಣ್ಣೆಯನ್ನೆಲ್ಲ ತೊಳೆದು ತೆಗೆಯಲು ಅವಳಿಗೆ ಅರ್ಧ ದಿನ ಬೇಕಾಯಿತು.

ಇನ್ನು ಅಳತೆ. ಯಾರ ಅಳತೆ ತೆಗೆದುಕೊಳ್ಳುವುದು? ತೊಡುವವರು ಇನ್ನೂ ಬಂದಿಲ್ಲ. ದಪ್ಪವೋ ಸಣ್ಣವೋ, ಗಂಡೋ ಹೆಣ್ಣೋ ಗೊತ್ತಿಲ್ಲ. ಎಲ್ಲ ದರ್ಜಿಗಳಿಗೂ ಎದುರಿಗೊಂದು ಮೈ ಇರುತ್ತದೆ, ನನಗೆ ಅದೂ ಇಲ್ಲ. ಅಮ್ಮ ಹೇಳಿದಳು, "ಉದ್ದ ಒಂದು ಗೇಣು, ಮೇಲೆ ನಾಲ್ಕು ಬೆರಳು. ಅಗಲ ಒಂದು ಗೇಣು. ಕತ್ತಿಗೆ ಎರಡೆರಡು ಬೆರಳು." ನಾನು ಹಳೆಯ ಪೇಪರಿನ ಮೇಲೆ ಗೇಣು ಹಾಕಿ, ಬೆರಳಿಟ್ಟು, ಸೀಮೆಸುಣ್ಣದಲ್ಲಿ ಗೀಚಿದೆ. ಅತ್ತಿಗೆ ನೋಡಿ, "ಇದು ಕೂಸಿಗೋ, ನಿಮ್ಮ ಅಣ್ಣನಿಗೋ ಮಾರಾಯ್ರೆ?" ಎಂದಳು. ಗುದ್ದಲಿ ಹಿಡಿದ ನನ್ನ ಗೇಣು ಹತ್ತಿಂಚು. ಅಮ್ಮನ ಕೈ ತರಿಸಿ ಇಟ್ಟು ನೋಡಿದರೆ ಎಂಟು ಇಂಚೂ ಇಲ್ಲ. ಬೆರಳಿನ ಗಂಟುಗಳು ಬಾತು, ಸೊಟ್ಟಗಾಗಿ, ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. "ಆಗ ಒಂಬತ್ತಿತ್ತು" ಎಂದಳು ಅಮ್ಮ, ಯಾರೋ ಕದ್ದುಕೊಂಡು ಹೋದರು ಎನ್ನುವ ಹಾಗೆ. ಒಂಬತ್ತು, ಮೇಲೆ ಮೂರು. ಹನ್ನೆರಡು ಇಂಚು ಉದ್ದ ಎಂದು ಅತ್ತಿಗೆ ಟೇಪಿನಲ್ಲಿ ಗುರುತು ಹಾಕಿದಳು. ಟೇಪಿನ ಮೊದಲ ಇಂಚನ್ನು ಇಲಿ ತಿಂದಿತ್ತು. ಅದರಲ್ಲಿ ಲೆಕ್ಕ ಒಂದರಿಂದಲೇ ಶುರು.

ಜಗಳ ಬಂದದ್ದು ಒಳಗೆ ಎಷ್ಟು ಬಟ್ಟೆ ಬಿಡಬೇಕು ಎಂಬುದರಲ್ಲಿ. ಅತ್ತಿಗೆ ಅರ್ಧ ಇಂಚು ಸಾಕು ಎಂದಳು, ಅಂಗಡಿಯ ಬಟ್ಟೆಯಲ್ಲಿ ಕಾಲಿಂಚೂ ಬಿಡುವುದಿಲ್ಲ. ಅಮ್ಮ ಒಂದಿಂಚಿಗಿಂತ ಕೆಳಗೆ ಇಳಿಯಲಿಲ್ಲ. ಅಮ್ಮ ಹೊಲಿದ ಬಟ್ಟೆಯಲ್ಲಿ ಬೆಳೆದವನು ನಾನು, ನನಗೆ ಅದು ಗೊತ್ತು. ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿಗಾಗುವಷ್ಟು ಬಟ್ಟೆ ಮಡಚಿಕೊಂಡಿರುತ್ತಿತ್ತು. ಪ್ರತಿ ಜೂನಿನಲ್ಲಿ ಒಂದು ಹೊಲಿಗೆ ಬಿಚ್ಚುವುದು, ಪಕ್ಕಕ್ಕೆ ಇನ್ನೊಂದು ಹಾಕುವುದು. ಬಿಚ್ಚಿದ ಜಾಗದಲ್ಲಿ ಬಣ್ಣ ಮಾಸದ ಒಂದು ಗೆರೆ ಉಳಿಯುತ್ತಿತ್ತು. ಮೂರು ಗೆರೆ ಇದ್ದರೆ ಮೂರನೇ ಕ್ಲಾಸಿನಿಂದ ಅದೇ ಚಡ್ಡಿ ಎಂದು ಹುಡುಗರು ಲೆಕ್ಕ ಹಾಕಿ ಹೇಳುತ್ತಿದ್ದರು.

"ಅಪ್ಪನೂ ಹಂಗೇ" ಎಂದಳು ಅಮ್ಮ. ನೀರು ಇಲ್ಲಿಯವರೆಗೆ ಬರುತ್ತದೆಂದು ಅಳೆದು ಕಲ್ಲು ನೆಟ್ಟು ಹೋದ ಮೇಲೆ, ಊರಿನ ಎಷ್ಟೋ ಜನ ಆ ಕಲ್ಲಿನ ಪಕ್ಕಕ್ಕೇ ಹುಲ್ಲಿನ ಗೊಣಬೆ ಸಾಗಿಸಿದರಂತೆ. ಅವಳಪ್ಪ ಮಾತ್ರ ಅಲ್ಲಿಂದ ಹತ್ತು ಮಾರು ಮೇಲಕ್ಕೆ ಹೊತ್ತು ಹಾಕಿಸಿದ. ನಕ್ಕರಂತೆ. "ನಕ್ಕರೆ ಏನಾತು, ನೀರಿಗೆ ಅಂತ ಒಂದಿಷ್ಟು ಬಿಡಬೇಕಲ" ಎಂದು ಹೇಳಿ ಅಮ್ಮ ಟೇಪನ್ನು ನನ್ನ ಕಡೆ ತಳ್ಳಿದಳು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿ. ಆ ಅಂಕಿ ಇಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ನೀರಿನ ಅಂಚು ಮಾತ್ರ ಜೂನಿನಲ್ಲಿ ಒಂದು ಕಡೆ, ಅಕ್ಟೋಬರಿನಲ್ಲಿ ಇನ್ನೊಂದು ಕಡೆ. ಒಂದಿಂಚೇ ಬಿಟ್ಟೆವು.

ಬಟ್ಟೆ? ಅಪ್ಪಯ್ಯನನ್ನು ಕೇಳಿದ್ದಾಗಿತ್ತು. "ಇನ್ನೂ ಎರಡು ವರ್ಷ ಬರ್ತದೆ" ಎಂದಿದ್ದ. ಜುಲೈ 14ಕ್ಕೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಉದ್ಘಾಟನೆ ಬಂತು. ಮುಳುಗಡೆಯಿಂದ ಈಚೆ ತುಮರಿ, ಸಿಗಂದೂರು ಕಡೆಯವರಿಗೆಲ್ಲ ಲಾಂಚೇ ಗತಿಯಾಗಿತ್ತು. ಅಪ್ಪಯ್ಯನ ತಂಗಿಯನ್ನು ಕೊಟ್ಟದ್ದು ಆಚೆ ದಡಕ್ಕೆ. ಲಾಂಚು ತಪ್ಪಿಸಿಕೊಂಡು ಹೊಳೆಬಾಗಿಲಲ್ಲಿ ರಾತ್ರಿ ಕಳೆದ ಕತೆ ಅವನಲ್ಲಿ ಬೇಕಾದಷ್ಟಿದೆ. ಹಿನ್ನೀರಿನ ಮೇಲೆ ಸುಮಾರು 2.4 ಕಿಲೋಮೀಟರ್ ಉದ್ದ ಎದ್ದ ಸೇತುವೆಯನ್ನು ಅವತ್ತೇ ನೋಡಬೇಕೆಂದು ಅಣ್ಣನನ್ನು ಹೊರಡಿಸಿದ. ಅಂಥ ದಿನಕ್ಕೆ ಹಳೆಯ ಪಂಚೆಯೇ ಎಂದು ಅಮ್ಮ ಬಹಳ ಕಾಳಜಿಯಿಂದ ಕೇಳಿದಳು. ಅವನು ಟ್ರಂಕಿಗೆ ಕೈ ಹಾಕದೆ, ಎರಡನೆಯ ಹಳೆಯ ಪಂಚೆ ಉಟ್ಟು ಜೀಪು ಹತ್ತಿದ.

ಜೀಪಿನ ಸದ್ದು ದೂರವಾಗುವ ಮೊದಲೇ ಅಮ್ಮ ಪಂಚೆಯನ್ನು ನನ್ನ ಮುಂದೆ ಹಾಸಿದಳು. "ಕತ್ತರಿಸು."

ನನ್ನ ಕೈ ನಡುಗಿತು. ಪೇಪರ್ ಕತ್ತರಿಸುವುದು ಬೇರೆ, ಅಪ್ಪಯ್ಯನನ್ನು ಕತ್ತರಿಸಿದ ಹಾಗಾಗುವುದು ಬೇರೆ. ಅತ್ತಿಗೆ ಬಟ್ಟೆಯನ್ನು ನಾಲ್ಕು ಪದರ ಮಡಚಿ, ಪೇಪರ್ ಇಟ್ಟು, ಗೆರೆ ಎಳೆದುಕೊಟ್ಟಳು. ನಾನು ಗೆರೆಯ ಮೇಲೆ ಕತ್ತರಿ ಓಡಿಸಿದೆ. ಕತ್ತಿನ ಹತ್ತಿರ ಬಂದಾಗ ಮುಂದಿನ ಪದರ ಮಾತ್ರ ಹೆಚ್ಚು ಇಳಿಸಬೇಕಿತ್ತು, ನಾಲ್ಕನ್ನೂ ಒಟ್ಟಿಗೆ ಇಳಿಸಿಬಿಟ್ಟೆ. ಬಿಡಿಸಿ ಹಿಡಿದರೆ ಹಿಂದೂ ಮುಂದೂ ಒಂದೇ ಆಳ. ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಇದರಲ್ಲಿ ಕೂಸು ಮೇಲಿಂದ ಹಾಕಿದರೆ ಕೆಳಗಿಂದ ಬೀಳ್ತದೆ" ಎಂದಳು. ಪಂಚೆ ದೊಡ್ಡದಿತ್ತು. ಇನ್ನೊಂದು ಜಬ್ಲಕ್ಕಾಯಿತು.

ಹೊಲಿಯಲು ಕೂತ ಮೇಲೆ ತಿಳಿದದ್ದು, ಕಾಲು ಮತ್ತು ಕೈಗೆ ಅಷ್ಟು ದಿನ ಪರಿಚಯವೇ ಇರಲಿಲ್ಲ ಎಂದು. ಕಾಲು ಮುಂದೆ ತುಳಿದರೆ ಚಕ್ರ ಹಿಂದೆ ಹೋಗುತ್ತದೆ, ಪಟ್ ಎಂದು ದಾರ ಹರಿಯುತ್ತದೆ. ಸೂಜಿಗೆ ಮತ್ತೆ ದಾರ ಹಾಕಬೇಕು. ನನ್ನ ಕನ್ನಡಕಕ್ಕೂ ಅದು ಸಿಗದು. ಅಣ್ಣನ ಮೊಮ್ಮಗನನ್ನು ಕರೆಯಬೇಕು, ಅವನು ಒಂದು ದಾರಕ್ಕೆ ಒಂದು ಬೆಲ್ಲದ ಚೂರು ಎಂದು ದರ ಕಟ್ಟಿದ್ದ. ಬಟ್ಟೆ ಒತ್ತಿ ಹಿಡಿಯುವ ಪಾದವನ್ನು ಇಳಿಸದೆ ಹೊಲಿದಾಗ ಅಡಿಯಲ್ಲಿ ದಾರವೆಲ್ಲ ಗುಬ್ಬಿಗೂಡಾಯಿತು. ಸವೆದ ಪಂಚೆಯನ್ನು ಮಿಷನ್ ಹಲ್ಲು ಒಳಗೇ ಎಳೆದುಕೊಳ್ಳತೊಡಗಿದಾಗ ಅತ್ತಿಗೆ ಒಂದು ಉಪಾಯ ಮಾಡಿದಳು. ಬಟ್ಟೆಯಡಿ ನ್ಯೂಸ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯುವುದು. ಮರುದಿನ ಸಿಕ್ಕ ಪೇಪರಿನಲ್ಲಿ ಸೇತುವೆಯ ದೊಡ್ಡ ಫೋಟೊ. ನನ್ನ ಮೊದಲ ನೇರ ಹೊಲಿಗೆ ಅಂಬಾರಗೋಡ್ಲಿನಿಂದ ಹೊರಟು, ನಡುವೆ ಎರಡು ಸಲ ನೀರಿಗೆ ಇಳಿದು, ಕಳಸವಳ್ಳಿ ಮುಟ್ಟಿತು.

ಅಷ್ಟೂ ಹೊತ್ತು ಅಮ್ಮ ಒಳಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದಳು. ನಿದ್ದೆ ಎಂದುಕೊಂಡಿದ್ದೆ. "ಬಾಬಿನ್ ಖಾಲಿ" ಎಂಬ ದನಿ ಬಂತು. ತೆಗೆದು ನೋಡಿದರೆ ಹೌದು, ಒಂದು ಮೊಳದಷ್ಟು ಸೂಜಿ ಸುಮ್ಮನೆ ತೂತು ಮಾಡುತ್ತ ಹೋಗಿದೆ. ಸ್ವಲ್ಪ ಹೊತ್ತಿಗೆ, "ಎರಡು ಪದರ ಅಲ್ಲ, ಮೂರಾತು ನೋಡು." ತೋಳಿನ ತುದಿ ಕೆಳಗೆ ಮಡಚಿ ಸಿಕ್ಕಿಕೊಂಡಿತ್ತು. "ಅವಸರ ಮಾಡಬೇಡ, ತಿರುವಿನಲ್ಲಿ ಇದ್ದೀಯ." ಕಂಕುಳಿನ ತಿರುವಿನಲ್ಲೇ ಇದ್ದೆ. ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿನ ನಡುವೆ ಆ ಟಕಟಕದಲ್ಲಿ ಅವಳಿಗೆ ಬಟ್ಟೆಯ ದಪ್ಪ, ದಾರದ ಬಿಗಿ, ನನ್ನ ಬೆವರು ಎಲ್ಲ ಕೇಳುತ್ತಿತ್ತು.

ಹೊಲಿದದ್ದಕ್ಕಿಂತ ಬಿಚ್ಚಿದ್ದು ಹೆಚ್ಚು. ಎಡತೋಳನ್ನು ಮೂರು ಸಲ, ಬಲತೋಳನ್ನು ಎರಡು ಸಲ. ಬಿಚ್ಚುವುದರಲ್ಲಿ ನಾನು ಬೇಗ ಪಳಗಿದೆ. ಬ್ಲೇಡಿನ ಮೂಲೆಯಿಂದ ನಾಲ್ಕು ಹೊಲಿಗೆಗೊಂದರಂತೆ ಕೊಯ್ದು, ಅಡಿಯ ದಾರ ಹಿಡಿದು ಎಳೆದರೆ ಸರ್ರನೆ ಬರುತ್ತದೆ. ಅಡಿಕೆ ಮೂಟೆಯ ಬಾಯಿ ಬಿಚ್ಚುವಾಗ ಸಿಗುವ ಸುಖವೇ ಅದು. ಕತ್ತಿಗೆ ಚೊಗರಿನ ಬಟ್ಟೆಯಿಂದ ಓರೆಯಾಗಿ ಕತ್ತರಿಸಿದ ಪಟ್ಟಿಯನ್ನು ಅತ್ತಿಗೆಯೇ ಹಚ್ಚಿದಳು, ನನ್ನ ಕೈಗೆ ಕೊಡಲಿಲ್ಲ. ಹಿಂದೆ ಕಟ್ಟುವ ಲಾಡಿಯನ್ನು ನಾನು ಹೊಲಿದೆ, ಸೊಟ್ಟಗಿದೆ.

ಮುಗಿಯಿತು ಎಂದು ಎತ್ತಿ ಹಿಡಿದಾಗ ಎಲ್ಲರೂ ಸುಮ್ಮನಾದರು. ಹೊಲಿಗೆಯ ಅಂಚುಗಳೆಲ್ಲ ಹೊರಗೆ, ನಯವಾದ ಬದಿ ಒಳಗೆ. ಎರಡೂ ತೋಳುಗಳನ್ನು ತಿರುಗುಮುರುಗಾಗಿ ಕೂಡಿಸಿದ್ದೆ. ಮತ್ತೆ ಬಿಚ್ಚಿದರೆ ಆ ಬಟ್ಟೆ ತಾಳುವಂತಿರಲಿಲ್ಲ. ಅಮ್ಮ ಅದನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡಳು, ಒಳಗೆ ಕೈ ತೂರಿಸಿ ನೋಡಿದಳು. "ಎಳೆ ಕೂಸಿಗೆ ಹಿಂಗೇ ಇರಬೇಕು. ಹೊಲಿಗೆ ಒಳಗಿದ್ರೆ ಮೈಗೆ ಒತ್ತುತ್ತದೆ" ಎಂದಳು. ಅತ್ತಿಗೆ ಮುಖ ಆ ಕಡೆ ತಿರುಗಿಸಿದಳು. ಅಮ್ಮ ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ.

ಅಪ್ಪಯ್ಯ ಪಂಚೆಯನ್ನು ಹುಡುಕದೆ ಇರಲಿಲ್ಲ. "ತೋಯ್ದಿದೆ, ಒಣಗಿಲ್ಲ" ಎಂದಳು ಅಮ್ಮ. ಜುಲೈ ತಿಂಗಳಲ್ಲಿ ನಮ್ಮ ಕಡೆ ಈ ಮಾತನ್ನು ಯಾರೂ ಅನುಮಾನಿಸುವ ಹಾಗಿಲ್ಲ. ಎಂಟು ದಿನ ಒಣಗಲಿಲ್ಲ, ಹದಿನೈದು ದಿನ ಒಣಗಲಿಲ್ಲ. ಆಮೇಲೆ ಅವನು ಕೇಳುವುದನ್ನು ಬಿಟ್ಟ.

ಆಗಸ್ಟಿನಲ್ಲಿ ಹೆಣ್ಣು ಕೂಸು. ಸಾಗರದಿಂದ ಮನೆಗೆ ಬಂದ ದಿನ ಜಬ್ಲ ತೊಡಿಸಿದರು. ತೋಳು ಉದ್ದವಾಗಿ ಕೈ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಬಚ್ಚಲ ಒಲೆಯ ಮೇಲೆ ಒಣಗಿಸಿದ್ದರಿಂದ ಹೊಗೆಯ ವಾಸನೆ ಬೇರೆ. ಅಪ್ಪಯ್ಯ ತೊಡೆಯ ಮೇಲೆ ಹಾಕಿಕೊಂಡ. ಹೆಬ್ಬೆರಳಿನಿಂದ ಬಟ್ಟೆಯ ಅಂಚನ್ನು ಉಜ್ಜಿ ನೋಡಿದ. ಇನ್ನೊಮ್ಮೆ ಉಜ್ಜಿದ. ಕೂಸನ್ನು ನನ್ನ ಹೆಂಡತಿಗೆ ಕೊಟ್ಟು ಎದ್ದು ಬಚ್ಚಲ ಕಡೆ ಹೋದ. ಅಲ್ಲಿ ಗಳದ ಮೇಲೆ ಉಳಿದ ಪಂಚೆ ಚೌಕ ಚೌಕವಾಗಿ, ಕೂಸಿನ ಅಡಿಬಟ್ಟೆಗಳಾಗಿ ನೇತಾಡುತ್ತಿತ್ತು. ನಿಂತು ಒಂದೊಂದಾಗಿ ಎಣಿಸಿದ. ಹನ್ನೊಂದು.

ಸ್ವಲ್ಪ ಹೊತ್ತಿಗೆ ಟ್ರಂಕಿನ ಮುಚ್ಚಳ ಕಿರುಗುಟ್ಟಿತು. ಜಗಲಿಯಿಂದ ನಡುಮನೆಗೆ, ನಡುಮನೆಯಿಂದ ಬಾಣಂತಿ ಕೋಣೆಯ ಬಾಗಿಲಿಗೆ ಗರಗರ ಸದ್ದು ನಡೆದುಬಂತು.

"ಅಂತೂ ಹೊಸದು ಉಟ್ರಾ?" ಎಂದಳು ಅಮ್ಮ, ಕಂಬಳಿಯೊಳಗಿಂದ.